ಭಾವನ ತೂಕಕ್ಕೆ ಬಿಗಿದ ಕಮಾನು

ಗುಡ್ಡದ ಮೇಲಿನ ಮಂಜು ಇನ್ನೂ ಕರಗಿಲ್ಲ. ಕ್ಯಾಲ್ವರ್ಟ್ಸ್ ಗ್ಯಾಪ್ ಎಂಬ ಊರಿನ ಮುಚ್ಚಿಹೋದ ಪೆಟ್ರೋಲ್ ಬಂಕಿನ ಹಿಂದೆ, ತಗಡಿನ ಶೆಡ್ಡಿನಲ್ಲಿ ಆಗಲೇ ದೀಪ ಹತ್ತಿದೆ. ಒಳಗೊಂದು ಪುಟ್ಟ ಪಿಕಪ್ ಗಾಡಿ, ಹೊಟ್ಟೆ ನೆಲಕ್ಕೆ ತಾಗುತ್ತದೇನೋ ಅನ್ನುವಷ್ಟು ತಗ್ಗಿನದು. ನಾಲ್ಕು ಚಕ್ರಕ್ಕೂ ಮರದ ದಿಮ್ಮಿ ಕೊಟ್ಟು ಒಂದು ಮೊಳ ಎತ್ತಿ ನಿಲ್ಲಿಸಿದ್ದಾರೆ. ಗಾಡಿಯ ಹಿಂಬದಿಯಿಂದ ಎರಡು ಬೂಟುಗಾಲು ಹೊರಗೆ ಚಾಚಿವೆ. ಆ ಕಾಲುಗಳ ಒಡೆಯ ಡೊಯ್ಲ್ ಗ್ರಿಗ್ಸ್‌ಬಿ, ವಯಸ್ಸು ಐವತ್ತೆಂಟು. ಬಾಯಲ್ಲಿ ಟಾರ್ಚು ಕಚ್ಚಿಕೊಂಡಿರುವುದರಿಂದ ಯಾರು ಏನು ಕೇಳಿದರೂ ಸದ್ಯಕ್ಕೆ ಉತ್ತರ ‘ಹ್ಞೂಂ’ ಮಾತ್ರ.

ಡ್ರೈವರ್ ಸೀಟಿನಲ್ಲಿ ಮನುಷ್ಯರಿಲ್ಲ. ಬೇಟೆಯ ಕಾಲದಲ್ಲಿ ಜಿಂಕೆಗಳಿಗೆ ಚೆಲ್ಲುತ್ತಾರಲ್ಲ, ಆ ಮೆಕ್ಕೆಜೋಳದ ಐದು ಚೀಲಗಳನ್ನು ಒಂದರ ಮೇಲೊಂದು ಪೇರಿಸಿ, ಬೆಲ್ಟು ಹಾಕಿ ಕೂರಿಸಿದ್ದಾರೆ. ಒಂದೊಂದೂ ಐವತ್ತು ಪೌಂಡು. ಐದು ಸೇರಿದರೆ ರಾಯ್ಸ್ ಓಡಮ್ ಅವರ ತೂಕ. ಗಾಡಿ ರಾಯ್ಸ್ ಅವರದು. ಡೊಯ್ಲ್ ಅವರ ಅಕ್ಕ ನೆಲ್ಡಾಳ ಗಂಡ, ಅಂದರೆ ಭಾವ. ಇವತ್ತು ಸಂಜೆ ಊರಾಚೆಯ ಓಟದ ಪಟ್ಟಿಯಲ್ಲಿ, ಗಾಡಿಗಳು ಜೋಡಿಯಾಗಿ ಓಡುವ ನೇರ ಟಾರು ದಾರಿಯಲ್ಲಿ, ರಾಯ್ಸ್ ಈ ಗಾಡಿ ಓಡಿಸುತ್ತಾರೆ. ಅವರಿಗೆ ಅರವತ್ತೆಂಟು ವಯಸ್ಸು, ಪಿತ್ತಜನಕಾಂಗದಲ್ಲಿ ಕ್ಯಾನ್ಸರ್. ವೈದ್ಯರು ಕೈಚೆಲ್ಲಿ ಒಂದೂವರೆ ತಿಂಗಳಾಯಿತು. ಗೆಲ್ಲುವ ಆಸೆಯೇನೂ ಅವರಿಗಿಲ್ಲ. ಇನ್ನೊಂದು ಸಲ, ಒಂದೇ ಸಲ, ಆ ಪಟ್ಟಿಯ ಒಂದು ಫರ್ಲಾಂಗನ್ನು ನೆಟ್ಟಗೆ ಹೋಗಿ ಮುಟ್ಟಬೇಕು ಅಂತ ಹಟ ಹಿಡಿದಿದ್ದಾರೆ. ಅದು ಆಗುತ್ತದೋ ಇಲ್ಲವೋ ಅನ್ನುವುದು ಕೆಳಗೆ ಮಲಗಿರುವ ಈ ಮನುಷ್ಯನ ಪಾನಾದ ಮೇಲೆ ನಿಂತಿದೆ.

ಓಟದ ಗಾಡಿಯೆಂದರೆ ಜನಕ್ಕೆ ಎಂಜಿನ್ ಒಂದೇ ಕಾಣುತ್ತದೆ. ಎಂಜಿನ್ ಕಟ್ಟಿದವನ ಹೆಸರನ್ನು ಬಾಗಿಲ ಮೇಲೆ ಬರೆಸುತ್ತಾರೆ. ಬಣ್ಣ ಹೊಡೆದವನ ಹೆಸರನ್ನು ಹಿಂದಿನ ಗಾಜಿನ ಮೇಲೆ ಬರೆಸುತ್ತಾರೆ. ಟಯರು ಮಾರಿದವನ ಹೆಸರಿಗೂ ಎಲ್ಲೋ ಒಂದು ಮೂಲೆ ಸಿಗುತ್ತದೆ. ಆದರೆ ಆ ಎಂಜಿನ್ನಿನ ಅಷ್ಟೂ ಕಸುವು ನೆಲಕ್ಕೆ ಮುಟ್ಟುವುದು ಹಿಂದಿನ ಕಮಾನು ಪಟ್ಟಿಗಳ ಮೂಲಕ. ಲಾರಿಗೆ, ಕುದುರೆ ಸಾರೋಟಿಗೆ ಇರುತ್ತಿದ್ದ ಅದೇ ಹಳೇ ಉಕ್ಕಿನ ಪಟ್ಟಿ. ಅದನ್ನು ಕಟ್ಟಿದವನು ಯಾರು ಅಂತ ಕೇಳಿದವರನ್ನು ಈ ಸೀಮೆಯಲ್ಲಿ ನಾನಂತೂ ನೋಡಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗೆ, ಸಾವಿರಗಟ್ಟಲೆ ಸುರಿದು ಬಣ್ಣ ಹೊಡೆಸಿ, ಸವೆದ ಕಮಾನಿನ ಮೇಲೆ ಗಾಡಿ ತಂದು ನಿಲ್ಲಿಸುವವರೇ ಹೆಚ್ಚು.

ಹೀಗೆ ನೆಲಕ್ಕೆ ತಗ್ಗಿಸಿ ಇಳಿಸಿದ ಗಾಡಿಯ ಕಷ್ಟವೇ ಬೇರೆ. ಸಾಮಾನ್ಯ ಪಿಕಪ್ಪಿನಲ್ಲಿ ಅಚ್ಚು ಕೆಳಗೆ, ಕಮಾನು ಅದರ ಮೇಲೆ. ಗಾಡಿಯನ್ನು ಇಳಿಸಬೇಕೆಂದರೆ ಆ ಕ್ರಮವನ್ನು ಮಗುಚಬೇಕು, ಅಚ್ಚನ್ನು ತಂದು ಕಮಾನಿನ ಮೇಲೆ ಕೂರಿಸಬೇಕು. ಅಚ್ಚಿಗೆ ಏಳಲು ಜಾಗ ಬೇಕಲ್ಲ, ಅದಕ್ಕೆ ಮೇಲಿನ ಚಾಸಿಯನ್ನು ಅರ್ಧಚಂದ್ರ ಕೊಯ್ದು ಬೆಸೆಯಬೇಕು. ಇಷ್ಟನ್ನು ಊರಿನ ಯಾವ ಹುಡುಗನಾದರೂ ಮಾಡುತ್ತಾನೆ. ಆಮೇಲಿನದು ಕಷ್ಟ. ಹಸಿರು ದೀಪ ಬಿದ್ದು ಕಾಲು ಅದುಮಿದ ಕೂಡಲೇ ಚಕ್ರ ಮುಂದಕ್ಕೆ ತಿರುಗುತ್ತದೆ, ಅಚ್ಚು ಹಿಂದಕ್ಕೆ ತಿರುಚಿಕೊಳ್ಳಲು ನೋಡುತ್ತದೆ. ಕಮಾನು ಹಾವು ನುಲಿದಂತೆ ನುಲಿದು, ಮರುಕ್ಷಣ ಸಟ್ಟನೆ ಬಿಟ್ಟುಕೊಂಡರೆ ಗಾಡಿ ಕಪ್ಪೆಯಾಗಿ ಕುಪ್ಪಳಿಸುತ್ತದೆ. ಹಾಗಾಗದಂತೆ ಪಟ್ಟಿಯ ಮುಂದಿನರ್ಧವನ್ನು ಬಿಗಿದು ಹಿಡಿಯಬೇಕು, ಹಿಂದಿನರ್ಧವನ್ನು ಸಡಿಲ ಬಿಡಬೇಕು, ಅಚ್ಚಿನ ನಡುವೆ ಶಾಫ್ಟು ಸೇರುವ ಮೂತಿಯನ್ನು ಕೂದಲೆಳೆಯಷ್ಟು ನೆಲದ ಕಡೆ ಬಾಗಿಸಬೇಕು, ಎರಡೂ ಕಡೆ ತಡೆಯುವ ಕಂಬಿ ಕೊಟ್ಟು ಬಲಗಡೆಯದನ್ನು ತುಸು ಹೆಚ್ಚು ಬಿಗಿಯಬೇಕು. ಎಷ್ಟು ಹೆಚ್ಚು ಅನ್ನುವುದಕ್ಕೆ ಅಂಗಡಿಯಲ್ಲಿ ಸಿಗುವ ಲೆಕ್ಕವಿಲ್ಲ. ಎಡಗಡೆ ಕೂರುವ ಆಳು ಎಷ್ಟು ಭಾರವೋ ಅದರ ಮೇಲೆ ಹೋಗುತ್ತದೆ.

ಹಾಗಾಗಿ ಈ ಶೆಡ್ಡಿನಲ್ಲಿ ಒಂದು ಕಟ್ಟಳೆ ಇದೆ. ಓಡಿಸುವ ಆಳು ಬಂದು ಸೀಟಿನಲ್ಲಿ ಕೂರದೆ ಡೊಯ್ಲ್ ಕೊನೆಯ ಸುತ್ತು ಬಿಗಿಯುವುದಿಲ್ಲ. ಹೆಲ್ಮೆಟ್ಟು, ಬೂಟು, ಜಾಕೀಟು ಎಲ್ಲ ಹಾಕಿಕೊಂಡೇ ಕೂರಬೇಕು, ಟ್ಯಾಂಕಿನಲ್ಲಿ ಸಂಜೆಗೆ ಇರುವಷ್ಟೇ ಪೆಟ್ರೋಲ್ ಇರಬೇಕು. ಬೇರೆಯವರು ಗಾಡಿಯನ್ನು ಜಾಕಿಗೆ ಏರಿಸಿ, ಚಕ್ರ ಜೋತಾಡುತ್ತಿರುವಾಗಲೇ ಬೆಸೆದು ಕೊಡುತ್ತಾರೆ. ಅಂಥ ಗಾಡಿಗಳು ಇವರ ಶೆಡ್ಡಿಗೆ ವಾರಕ್ಕೆ ಮೂರೋ ನಾಲ್ಕೋ ಬರುತ್ತವೆ, ತಿರುಚಿದ ಶಾಫ್ಟು, ಸೀಳಿದ ಬುಷ್ಷುಗಳನ್ನು ಹೊತ್ತುಕೊಂಡು. ಡೊಯ್ಲ್ ಯಾರನ್ನೂ ಬೈಯುವುದಿಲ್ಲ. ಬೆಸುಗೆಯನ್ನು ಕೊಯ್ದು ಹಾಕಿ, ‘ಹತ್ತಿ ಕೂತ್ಕೊಳ್ಳಪ್ಪ’ ಅನ್ನುತ್ತಾರೆ. ಹೊಟ್ಟೆ ಬಂದವರು ನಾಚಿಕೊಂಡು, ತಾವು ಇಷ್ಟೇ ತೂಕ ಅಂತ ಬಾಯಿಮಾತಿನಲ್ಲಿ ಹೇಳಿ ತಪ್ಪಿಸಿಕೊಳ್ಳಲು ನೋಡುವುದೂ ಉಂಟು. ‘ಸುಳ್ಳು ನನಗೆ ಹೇಳಿದ್ರೆ ಪರವಾಗಿಲ್ಲ, ಕಮಾನಿಗೆ ಹೇಳ್ಬೇಡಿ’ ಅಂತ ನಕ್ಕು ಅವರನ್ನೂ ಕೂರಿಸುತ್ತಾರೆ.

ಈ ಕಟ್ಟಳೆ ಹುಟ್ಟಿದ್ದೇ ರಾಯ್ಸ್ ಅವರಿಂದ. ಡೊಯ್ಲ್‌ಗೆ ಒಂಬತ್ತು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ತಂದೆ ಮರ ಸಾಗಿಸುವ ಲಾರಿ ಓಡಿಸುತ್ತಾ ತಿಂಗಳಿಗೊಮ್ಮೆ ಮನೆಗೆ ಬಂದರೆ ಬಂದರು, ಇಲ್ಲವಾದರೆ ಇಲ್ಲ. ಹದಿನೇಳರ ನೆಲ್ಡಾ ತಮ್ಮನಿಗೆ ತಾಯಿಯಾದಳು. ಅವಳನ್ನು ನೋಡಲು ರಾಯ್ಸ್ ಬರುತ್ತಿದ್ದುದು ಒಂದು ಕಡೆ ಕಮಾನು ಮುರಿದು ವಾಲಿಕೊಂಡ ಗಾಡಿಯಲ್ಲಿ. ಅಕ್ಕ ಬಟ್ಟೆ ಬದಲಾಯಿಸಿ ಬರುವಷ್ಟರಲ್ಲಿ ಈ ಹುಡುಗ ಗಾಡಿಯ ಕೆಳಗೆ ತೂರಿ ಏನೋ ಕೆದಕುತ್ತಿದ್ದ. ರಾಯ್ಸ್ ಗದರಲಿಲ್ಲ, ಕೈಗೆ ಪಾನಾ ಕೊಟ್ಟು, ತಾವು ಸೀಟಿನಲ್ಲಿ ಕೂತು ಬಿಗಿಸಿಕೊಂಡರು. ಮದುವೆಯಾದ ಮೇಲೆ ಹುಡುಗನನ್ನೂ ತಮ್ಮ ಮನೆಗೇ ಕರೆದುಕೊಂಡು ಹೋದರು. ‘ಹೆಂಡತಿ ಜೊತೆ ಒಂದು ಬಾಲವೂ ಬಂತು ನೋಡಿ’ ಅಂತ ಚರ್ಚಿನಲ್ಲಿ ಎಲ್ಲರ ಮುಂದೆ ತಮಾಷೆ ಮಾಡುತ್ತಿದ್ದರಂತೆ. ಅದನ್ನು ಹೇಳುವಾಗ ಡೊಯ್ಲ್ ನಗುತ್ತಾರೆ, ಆದರೆ ಕಣ್ಣು ಮಾತ್ರ ಬೇರೆಲ್ಲೋ ಇರುತ್ತದೆ.

ಹೊಟ್ಟೆಪಾಡಿಗೆ ಡೊಯ್ಲ್ ಶಾಲಾ ಬಸ್ಸುಗಳ ಗ್ಯಾರೇಜಿನಲ್ಲಿ ದುಡಿದವರು. ಮೂವತ್ತು ವರ್ಷ ಬಸ್ಸಿನ ಕೆಳಗೆ ಮಲಗಿ ಬೆನ್ನು ಹಾಳಾಗಿದೆ. ಬೆಳಿಗ್ಗೆ ಎದ್ದು ನೆಟ್ಟಗಾಗಲು ಕಾಲು ಗಂಟೆ ಬೇಕು. ಒಂದು ಕಮಾನು ಪಟ್ಟಿಯ ತುದಿ ಸಿಡಿದು ಎಡಗಿವಿಯ ಕೇಳುವಿಕೆ ಹೋಗಿದೆ, ಮಾತಾಡುವವರು ಬಲಗಡೆ ಬಂದು ನಿಲ್ಲಬೇಕು. ಮದುವೆಯ ಮಾತು ಎತ್ತಿದರೆ ‘ಗ್ರೀಸ್ ವಾಸನೆಗೆ ಯಾರು ಬರ್ತಾರೆ’ ಅನ್ನುತ್ತಾರೆ. ಶೆಡ್ಡಿನ ಹಿಂದೆಯೇ ಚಕ್ರದ ಮೇಲಿನ ಒಂದು ಡಬ್ಬಿಮನೆ. ಊಟ ಮಾತ್ರ ಮೊದಲಿನಿಂದಲೂ ಅಕ್ಕನ ಮನೆಯಲ್ಲಿ. ಶನಿವಾರ ಬೆಳಿಗ್ಗೆ ಎಂದರೆ ರಾಯ್ಸ್ ಕಾಫಿಯ ಫ್ಲಾಸ್ಕು, ಮಾಂಸದ ಬಿಲ್ಲೆ ಇಟ್ಟ, ಬನ್ನಿನಂಥ ಬಿಸಿ ಬಿಸ್ಕಿಟ್ಟು ಹಿಡಿದು ಬಂದು ಸೀಟಿನಲ್ಲಿ ಕೂರುವುದು, ಡೊಯ್ಲ್ ಕೆಳಗೆ ಮಲಗುವುದು. ಮೇಲಿನಿಂದ ಭಾವ ಕಾಲೆಳೆಯುತ್ತಾರೆ, ಕೆಳಗಿನಿಂದ ಭಾವಮೈದ ತಿರುಗಿಸಿ ಕೊಡುತ್ತಾನೆ. ಹೀಗೆ ನಲವತ್ತು ವರ್ಷ ನಡೆದಿದೆ. ಆ ಗಾಡಿ ಒಂದು ಸಲವೂ ಅಡ್ಡ ಹೋಗಿಲ್ಲ. ಸೋತಿದೆ, ಬೇಕಾದಷ್ಟು ಸಲ ಸೋತಿದೆ, ಆದರೆ ಸೋತಾಗಲೂ ದಾರ ಹಿಡಿದ ಹಾಗೆ ಹೋಗಿ ಸೋತಿದೆ.

ಇವತ್ತು ಮಾತ್ರ ಸೀಟಿನಲ್ಲಿ ಭಾವ ಇಲ್ಲ. ಕೋಳಿ ಮಾಂಸದ ಕಾರ್ಖಾನೆಯ ಐಸಿನ ಕೋಣೆಯಲ್ಲಿ ಮೂಟೆ ಎತ್ತುತ್ತಿದ್ದ ಆ ದೊಡ್ಡ ಆಸಾಮಿಗೆ ಈಗ ಹಾಸಿಗೆಯಿಂದ ಕುರ್ಚಿಗೆ ಬರುವುದೇ ಒಂದು ಪ್ರಯಾಣ. ತಗ್ಗಿನ ಗಾಡಿಗೆ ಬಾಗಿ, ಗಾಡಿ ಮಗುಚಿದರೆ ಆಳನ್ನು ಕಾಯಲು ಹಾಕಿದ ಕಬ್ಬಿಣದ ಪಂಜರದ ಕಂಬಿಗಳ ನಡುವೆ ಕಾಲು ತೂರಿಸಿ ಕೂರಬೇಕು. ದಿನಕ್ಕೆ ಎರಡು ಸಲ ಅದು ಆಗುವ ಮಾತಲ್ಲ. ಬೆಳಿಗ್ಗೆ ಇಲ್ಲಿ ಕೂತರೆ ಸಂಜೆ ಅಲ್ಲಿ ಕೂರಲು ತ್ರಾಣವಿರುವುದಿಲ್ಲ. ಇರುವ ಒಂದು ಹಿಡಿ ಶಕ್ತಿಯನ್ನು ಸಂಜೆಗೆ ಇಟ್ಟುಕೊಳ್ಳುತ್ತೇನೆ, ನೀನು ಹೇಗಾದರೂ ಮಾಡಿಕೋ ಅಂತ ರಾಯ್ಸ್ ಹೇಳಿ ಕಳಿಸಿದ್ದಾರೆ. ಅದಕ್ಕೇ ಚೀಲ.

ಎಂಟು ಗಂಟೆಗೆ ನೆಲ್ಡಾ ಬರುತ್ತಾರೆ. ಅರವತ್ತಾರರ ಹೆಂಗಸು, ರಾತ್ರಿ ನಿದ್ದೆಯಿಲ್ಲದೆ ಕಣ್ಣಿನ ಕೆಳಗೆ ಕಪ್ಪಾಗಿದೆ. ತಮ್ಮನಿಗೆ ಮೆಕ್ಕೆಜೋಳದ ರೊಟ್ಟಿ, ಬೇಯಿಸಿದ ಬೀನ್ಸ್ ಕಾಳಿನ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಾರೆ. ಓಟ ಬೇಡವೇ ಬೇಡ ಅಂತ ವಾರವಿಡೀ ಗಂಡನ ಜೊತೆ ಜಗಳವಾಡಿ ಸೋತಿದ್ದಾರೆ. ಊಟದ ಗಂಟನ್ನು ಬೆಂಚಿನ ಮೇಲಿಡುವಾಗ ಸೀಟಿನ ಕಡೆ ನೋಡುತ್ತಾರೆ. ಎಣಿಸುತ್ತಾರೆ. ಹೋಗಿ, ಬೆಲ್ಟು ಬಿಚ್ಚಿ, ಮೇಲಿನ ಒಂದು ಚೀಲವನ್ನು ಎಳೆದು ನೆಲಕ್ಕೆ ಹಾಕುತ್ತಾರೆ. ಸ್ವಲ್ಪ ತಡೆದು ಇನ್ನೊಂದನ್ನೂ ಹಾಕುತ್ತಾರೆ. ಸದ್ದಿಗೆ ಡೊಯ್ಲ್ ಗಾಡಿಯ ಕೆಳಗಿನಿಂದ ಹೊರಬರುತ್ತಾರೆ.

‘ಅವರು ಅಷ್ಟು ಇಲ್ಲ ಕಣೋ ಈಗ’ ಅನ್ನುತ್ತಾರೆ ನೆಲ್ಡಾ. ‘ದಿನಾ ನಾನೇ ಎತ್ತಿ ಕೂರಿಸ್ತೀನಿ. ಅವರ ತೂಕ ನನ್ನ ತೋಳಿಗೆ ಗೊತ್ತು.’

ಡೊಯ್ಲ್ ಚೌಕಾಸಿಗೆ ಇಳಿಯುತ್ತಾರೆ. ಬೂಟಿನ ಭಾರ ಇದೆ, ಹೆಲ್ಮೆಟ್ಟಿನ ಭಾರ ಇದೆ, ಆ ಜಾಕೀಟು ಏನು ಕಮ್ಮಿಯೇ, ಈ ವಾರ ಸ್ವಲ್ಪ ಗಂಜಿ ಸೇರುತ್ತಿದೆ ಅಂತ ನೀನೇ ಹೇಳಿದೆಯಲ್ಲ ಅಕ್ಕ, ಅಂತೆಲ್ಲ ಹೇಳುತ್ತಾರೆ. ನೆಲ್ಡಾ ವಾದ ಮಾಡುವುದಿಲ್ಲ. ಆಸ್ಪತ್ರೆಯಿಂದ ಬರುವ ದಾದಿ ಬರೆದುಕೊಂಡ ತೂಕವನ್ನು ಒಮ್ಮೆ ಹೇಳುತ್ತಾರೆ, ಅದು ಮೂರು ಚೀಲಕ್ಕೂ ಪೂರ್ತಿ ಬರದ ಸಂಖ್ಯೆ. ಹೇಳಿ, ಬಾಯಿಗೆ ಅಂಗಿಯ ತೋಳು ಒತ್ತಿಕೊಂಡು ಕಾರಿನ ಕಡೆ ನಡೆಯುತ್ತಾರೆ.

ಕಾರಿನ ಸದ್ದು ತಿರುವಿನಲ್ಲಿ ಅಡಗುವವರೆಗೆ ಡೊಯ್ಲ್ ಅಲ್ಲೇ ನಿಂತಿರುತ್ತಾರೆ. ಮೂರು ಚೀಲದ ಮೇಲೆ ಸೀಟಿನ ಬೆನ್ನು ಬರಿದಾಗಿ ಕಾಣುತ್ತಿದೆ, ಗಾಡಿಯ ಎಡಭಾಗ ಕಿರುಬೆರಳ ಅರ್ಧದಷ್ಟು ಮೇಲೆದ್ದಿದೆ. ಬೇರೆ ಯಾರ ಕಣ್ಣಿಗೂ ಅದು ಬೀಳುವುದಿಲ್ಲ. ಇವರು ಬಗ್ಗಿ ನೋಡುತ್ತಾರೆ, ಮುಖ ತಿರುಗಿಸುತ್ತಾರೆ. ಆಮೇಲೆ ಕೆಳಗೆ ಬಿದ್ದ ಎರಡು ಚೀಲಗಳನ್ನು ಒಂದೊಂದಾಗಿ ಅಪ್ಪಿ ಎತ್ತಿ, ಮತ್ತೆ ಮೇಲಿಟ್ಟು, ಬೆಲ್ಟು ಬಿಗಿದು, ಗಾಡಿಯ ಕೆಳಗೆ ತೂರಿಕೊಳ್ಳುತ್ತಾರೆ. ರಸಮಟ್ಟ ಹಿಡಿದು ಅಚ್ಚಿನ ಮೂತಿ ನೋಡುತ್ತಾರೆ. ಬಲಗಡೆಯ ಕಂಬಿಯನ್ನು ಐದು ಚೀಲದ ಲೆಕ್ಕಕ್ಕೇ ಬಿಗಿಯುತ್ತಾರೆ.

ಗೊತ್ತಿಲ್ಲದೆ ಮಾಡಿದ್ದಾದರೆ ಬೈಯಬಹುದಿತ್ತು. ಯಾರೋ ಬೇರೆಯವರು ಹೀಗೆ ಮಾಡಿದ್ದರೆ ಈ ಮನುಷ್ಯ ಗಾಡಿಯನ್ನು ಶೆಡ್ಡಿನಿಂದ ಆಚೆಗೇ ಬಿಡುತ್ತಿರಲಿಲ್ಲ. ಕೈ ಕಲಿತದ್ದು ಒಂದು ಹೇಳಿತು, ಕರುಳು ಇನ್ನೊಂದು ಹೇಳಿತು, ಕರುಳಿನ ಮಾತೇ ಗೆದ್ದಿತು. ಆಮೇಲೊಂದು ದಿನ ಈ ಮಾತು ಬಂದಾಗ ಅವರು ಬಲಗಿವಿಯನ್ನು ಉಜ್ಜಿಕೊಂಡು, ‘ಆ ಎರಡು ಚೀಲ ಕೆಳಗಿಟ್ಟು ಬಿಗಿಯೋಕೆ ನನ್ನ ಕೈಲಾಗ್ಲಿಲ್ಲ. ಭಾವನ್ನೇ ಇಳಿಸಿದ ಹಾಗೆ ಅನ್ನಿಸ್ತು’ ಅಂದರು.

ಓಟದ ಪಟ್ಟಿ ಊರಿನಿಂದ ಆಚೆ, ಹತ್ತಿ ಹೊಲಗಳ ನಡುವೆ. ಬಿಸಿಲು ಇನ್ನೂ ಇರುವಾಗಲೇ ಜನ ಸೇರಿದ್ದಾರೆ. ಮಡಿಚುವ ಕುರ್ಚಿ, ಸಿಹಿ ಟೀ, ಉಪ್ಪುನೀರಲ್ಲಿ ಬೇಯಿಸಿದ ಕಡಲೆಕಾಯಿಯ ಪೊಟ್ಟಣ. ಪಾದ್ರಿ ಮೈಕಿನಲ್ಲಿ ಪ್ರಾರ್ಥನೆ ಹೇಳುವಾಗ ಗಂಡಸರೆಲ್ಲ ಟೊಪ್ಪಿ ತೆಗೆದು ಎದೆಗಿಟ್ಟುಕೊಂಡಿದ್ದಾರೆ. ಪ್ರಾರ್ಥನೆಯ ಕೊನೆಯಲ್ಲಿ ರಾಯ್ಸ್ ಹೆಸರು ಬರುತ್ತದೆ. ಊರಿಗೆ ಊರೇ ಬಲ್ಲ ವಿಷಯ, ಮುಚ್ಚಿಡಲು ಏನೂ ಉಳಿದಿಲ್ಲ. ರಾಯ್ಸ್ ಜೊತೆ ಎಷ್ಟೋ ಸಲ ಓಡಿ ಸೋತು ಗೆದ್ದ ಹಳೇ ಎದುರಾಳಿಯೊಬ್ಬರು ಇವತ್ತು ಪಕ್ಕದ ಸಾಲಿನಲ್ಲಿ ನಿಲ್ಲಲು ತಾವಾಗಿಯೇ ಒಪ್ಪಿ ಬಂದಿದ್ದಾರೆ.

ನೆಲ್ಡಾ ಕಾರಿನಿಂದ ಗಂಡನನ್ನು ಇಳಿಸಿಕೊಂಡು ಬರುತ್ತಾರೆ. ಜಾಕೀಟಿನೊಳಗೆ ರಾಯ್ಸ್ ಎಲ್ಲಿದ್ದಾರೆ ಅಂತ ಹುಡುಕಬೇಕು. ಮೂಳೆ ಚಕ್ಕಳ ಬಿಟ್ಟರೆ ಇನ್ನೇನಿಲ್ಲ. ಕತ್ತಿನ ಪಟ್ಟಿಯಿಂದ ತಲೆ ಕೋಲಿಗೆ ಸಿಕ್ಕಿಸಿದ ಹಾಗೆ ಮೇಲೆದ್ದಿದೆ, ಮುಖ ಅರಿಶಿನ ಬಳಿದಷ್ಟು ಹಳದಿ. ಆದರೂ ಸುತ್ತ ನಿಂತವರಿಗೆ ಏನೋ ಚುಚ್ಚಿ ನಗಿಸುತ್ತಾರೆ. ಇಬ್ಬರು ಹಿಡಿದು, ಕಾಲೆತ್ತಿ, ಕಂಬಿಗಳ ನಡುವೆ ತೂರಿಸಿ ಅವರನ್ನು ಸೀಟಿಗೆ ಇಳಿಸುತ್ತಾರೆ. ಡೊಯ್ಲ್ ಎಂದಿನಂತೆ ಗಾಡಿಯ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ಆಳು ಕೂತ ಕೂಡಲೇ ಗಾಡಿ ಒಂದು ಉಸಿರು ಬಿಟ್ಟಂತೆ ಎಡಕ್ಕೆ ತಗ್ಗಿ ಸಮನಾಗಬೇಕು. ನಲವತ್ತು ವರ್ಷ ಅದನ್ನು ನೋಡಿದ ಕಣ್ಣು.

ಗಾಡಿ ಕೂರುವುದಿಲ್ಲ.

ರಾಯ್ಸ್ ಒಳಗೆ ಬೆಲ್ಟು ಹಾಕಿಕೊಳ್ಳುತ್ತಿದ್ದಾರೆ, ಗಾಡಿ ಮಾತ್ರ ಯಾರೂ ಕೂತೇ ಇಲ್ಲವೇನೋ ಅನ್ನುವಂತೆ ನಿಂತಲ್ಲೇ ನಿಂತಿದೆ. ಡೊಯ್ಲ್ ಎದ್ದು ಓಡಿ ಕಿಟಕಿಯ ಬಳಿ ಬಗ್ಗುತ್ತಾರೆ.

‘ಭಾವ, ಇಳೀರಿ. ಹಿಂದುಗಡೆ ತಪ್ಪಾಗಿದೆ, ನಾನೇ ತಪ್ಪು ಮಾಡಿದ್ದೀನಿ. ಅರ್ಧ ಗಂಟೆ ಕೊಡಿ, ಸರಿ ಮಾಡ್ತೀನಿ.’

‘ಇಳಿದ್ರೆ ಮತ್ತೆ ಹತ್ತೋಕಾಗಲ್ಲ ಕಣೋ’ ಅನ್ನುತ್ತಾರೆ ರಾಯ್ಸ್, ಬಹಳ ಮೆಲ್ಲಗೆ.

ಇಳಿಯದಿದ್ದರೂ ಬೇಡ, ಕೂತೇ ಇರಿ, ನಾನು ಹೀಗೇ ಕೆಳಗೆ ತೂರಿ ಬಲಗಡೆಯ ಕಂಬಿ ಸಡಿಲಿಸುತ್ತೇನೆ ಅನ್ನುತ್ತಾರೆ ಡೊಯ್ಲ್. ಟಾರಿನ ಮೇಲೆ ಅಂಗಾತ ಬೀಳುತ್ತಾರೆ ಕೂಡ. ಆದರೆ ಗಾಡಿಯ ಹೊಟ್ಟೆಗೂ ನೆಲಕ್ಕೂ ನಡುವೆ ಕೈ ಹೋಗುತ್ತದೆ, ತಲೆ ಹೋಗುವುದಿಲ್ಲ. ದಿಮ್ಮಿಗಳು ಶೆಡ್ಡಿನಲ್ಲಿವೆ. ಕಾಣದ ಬೋಲ್ಟಿಗೆ ಕೈಯಳತೆಯಲ್ಲಿ ಪಾನಾ ಹಾಕಿ ಎರಡು ಸಲ ಜಾರಿಸಿಕೊಂಡು ಗೆಣ್ಣು ಕಿತ್ತುಕೊಳ್ಳುತ್ತಾರೆ. ಮುಂದೆ ನಿಂತಿದ್ದ ಜೋಡಿ ಓಡಿ ಮುಗಿಯಿತು, ಸಾಲು ಕದಲಿತು. ಒಳಗೆ ರಾಯ್ಸ್ ತಲೆ ಆಗಲೇ ಸೀಟಿಗೆ ಒರಗಿದೆ, ನೆಟ್ಟಗೆ ಕೂರಲು ಅವರಲ್ಲಿ ಇನ್ನು ಎಷ್ಟು ಹೊತ್ತಿನ ತ್ರಾಣವಿದೆಯೋ ದೇವರಿಗೇ ಗೊತ್ತು. ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲನ್ನು ತಟ್ಟುತ್ತಾರೆ, ಎದ್ದು ಬಾ ಅನ್ನುವಂತೆ.

‘ಬಿಡು, ಆಗಿದ್ದಾಯ್ತು. ಹಿಡ್ಕೋತೀನಿ ನಾನು.’

ಅವರೇನೋ ಹಿಡಿದರು. ಓಟಕ್ಕೆ ಮೊದಲು ಟಯರನ್ನು ನಿಂತಲ್ಲೇ ತಿರುಗಿಸಿ ಕಾಯಿಸುವಾಗ ಎದ್ದ ಹೊಗೆ ಜನರ ಮೇಲೆ ಬಂದು ಹೋಯಿತು. ಹಳದಿ ದೀಪಗಳು ಒಂದೊಂದಾಗಿ ಇಳಿದು ಹಸಿರು ಬಿತ್ತು. ಬಲಗಡೆಯ ಟಯರು ನೆಲವನ್ನು ಕಚ್ಚಿ ಹಿಡಿಯಿತು, ಎಡಗಡೆಯದಕ್ಕೆ ಹಿಡಿಯಲು ಭಾರವೇ ಇರಲಿಲ್ಲ. ಗಾಡಿ ಮೂತಿಯನ್ನು ಎಡಕ್ಕೆ ತಿರುಗಿಸಿ ಕಾಂಕ್ರೀಟು ಗೋಡೆಯ ಕಡೆ ಹೊರಟಿತು. ಮೊದಲಿನ ರಾಯ್ಸ್ ಆಗಿದ್ದರೆ ತೋಳುಬಲದಲ್ಲಿ ಎಳೆದು ತರುತ್ತಿದ್ದರು. ಈ ರಾಯ್ಸ್ ಪೆಡಲಿನಿಂದ ಕಾಲು ಎತ್ತಿಬಿಟ್ಟರು. ಎಂಜಿನ್ನಿನ ಸದ್ದು ಅರ್ಧದಲ್ಲೇ ಸತ್ತಿತು. ಗೋಡೆಗೆ ಒಂದು ಮೊಳ ಉಳಿದಿರುವಾಗ ಗಾಡಿ ಸರಿದಾರಿಗೆ ಬಂದು, ಆಮೇಲೆ ಉಳಿದ ಅರ್ಧ ಫರ್ಲಾಂಗನ್ನು ಸಂತೆಯಿಂದ ಮನೆಗೆ ಹೋಗುವ ಗಾಡಿಯ ವೇಗದಲ್ಲಿ ಉರುಳಿಕೊಂಡು ಹೋಯಿತು. ಪಕ್ಕದ ಸಾಲಿನ ಹಳೇ ಎದುರಾಳಿ ಅದನ್ನು ನೋಡಿ ತಾವೂ ಕಾಲೆತ್ತಿದರು. ಇಬ್ಬರೂ ಗೆಲ್ಲದ ಓಟ ಅದು.

ಜನ ಚಪ್ಪಾಳೆ ತಟ್ಟಿದರು, ಪ್ರೀತಿಯಿಂದಲೇ ತಟ್ಟಿದರು. ಮೈಕಿನಲ್ಲಿದ್ದವನು ಏನು ಹೇಳಬೇಕೋ ತಿಳಿಯದೆ, ‘ರಾಯ್ಸ್ ಗಾಡಿ ಯಾವತ್ತೂ ಹೀಗೆ ಹೋಗಿದ್ದಿಲ್ಲ. ಡೊಯ್ಲ್ ಗ್ರಿಗ್ಸ್‌ಬಿ ಎಲ್ಲಿದ್ದೀರಿ, ಸ್ವಲ್ಪ ಆ ಕಡೆ ಹೋಗಿ ನೋಡಿ’ ಅಂತ ಕೂಗಿದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆ ಪಟ್ಟಿಯ ಮೈಕಿನಲ್ಲಿ ಡೊಯ್ಲ್ ಅವರ ಹೆಸರು ಕೇಳಿಬಂದದ್ದು ಅದೇ ಮೊದಲು. ಇಷ್ಟು ವರ್ಷ ನೆಟ್ಟಗೆ ಹೋದ ಗಾಡಿಗಳಿಗೆ ಯಾರೂ ಅವರನ್ನು ನೆನೆದಿರಲಿಲ್ಲ. ಕುರ್ಚಿಗಳಲ್ಲಿ ಕೂತವರೆಲ್ಲ ಅವರ ಕಡೆ ತಿರುಗಿದರು. ನೆಲ್ಡಾ ಒಬ್ಬರು ತಿರುಗಲಿಲ್ಲ. ಆಕೆಗೆ ಆಗಲೇ ಗೊತ್ತಾಗಿತ್ತು.

ಪಟ್ಟಿಯ ಕೊನೆಯವರೆಗೂ ಡೊಯ್ಲ್ ಓಡಿಯೇ ಹೋದರು, ಆ ಬೆನ್ನು ಹೊತ್ತುಕೊಂಡು. ರಾಯ್ಸ್ ಹೆಲ್ಮೆಟ್ಟು ತೆಗೆಯಲೂ ಆಗದೆ ಸ್ಟಿಯರಿಂಗಿನ ಮೇಲೆ ತಲೆಯಿಟ್ಟಿದ್ದರು. ಡೊಯ್ಲ್ ಹೆಲ್ಮೆಟ್ಟು ತೆಗೆದರು. ಮೊದಲು ಮಾತಾಡಿದವರು ರಾಯ್ಸ್. ಎಷ್ಟು ಚೀಲ ಇಟ್ಟಿದ್ದೆ ಅಂತ ಕೇಳಿದರು. ಐದು ಅಂದರು ಡೊಯ್ಲ್. ರಾಯ್ಸ್ ನಗಲು ಹೋದರು, ಅದು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಭಾವಮೈದನ ಕೆನ್ನೆಗೆ ಕೈಯಿಟ್ಟರು.

‘ನಾನಿನ್ನೂ ಐದು ಚೀಲ ತೂಗ್ತಿದ್ರೆ ಸಾಯೋದ್ಯಾಕೋ’ ಅಂದರು.

ಇದಾಗಿ ಮೂರು ವಾರ. ರಾಯ್ಸ್ ಈಗ ಹಾಸಿಗೆ ಬಿಟ್ಟು ಏಳುತ್ತಿಲ್ಲ. ದಿನದ ಹೆಚ್ಚು ಹೊತ್ತು ಮಂಪರು. ಎಚ್ಚರವಾದಾಗ ಒಮ್ಮೊಮ್ಮೆ ನೆಲ್ಡಾಳನ್ನು ತಮ್ಮ ತಾಯಿಯ ಹೆಸರಿನಿಂದ ಕರೆಯುತ್ತಾರೆ. ಡೊಯ್ಲ್ ಅವರನ್ನು ಮಾತ್ರ ಗುರುತು ಹಿಡಿಯುತ್ತಾರೆ, ಗುರುತು ಹಿಡಿದು ಗಾಡಿ ಎಲ್ಲಿ ಅಂತ ಕೇಳುತ್ತಾರೆ. ಶೆಡ್ಡಿನಲ್ಲಿದೆ ಭಾವ ಅಂದರೆ ಸರಿ ಅಂತ ಕಣ್ಣು ಮುಚ್ಚುತ್ತಾರೆ. ನೆಲ್ಡಾ ತಮ್ಮನಿಗೆ ಬೈದಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಅನ್ನುತ್ತಾರೆ ಡೊಯ್ಲ್. ಊರಿನವರೂ ಏನೂ ಆಡಿಕೊಂಡಿಲ್ಲ, ಕಾಯಿಲೆಯ ಮನುಷ್ಯ, ಕೈ ಸೋತಿತು ಅಂದುಕೊಂಡಿದ್ದಾರೆ. ತಪ್ಪು ಕೈಯದಲ್ಲ, ಕಮಾನಿನದು ಅಂತ ಡೊಯ್ಲ್ ಸಿಕ್ಕಿದವರಿಗೆಲ್ಲ ತಾವೇ ಹೇಳಿಕೊಂಡು ತಿರುಗುತ್ತಿದ್ದಾರೆ. ಕೇಳಿದವರು ಬಿಡಪ್ಪ ಅಂತ ಬೆನ್ನು ತಟ್ಟಿ ಹೋಗುತ್ತಾರೆ. ಒಬ್ಬರಾದರೂ ನಂಬಬಾರದೇ ಅಂತ ಅವರಿಗೆ ಸಂಕಟ.

ಬೇರೆಯವರ ಕೆಲಸವನ್ನು ಸದ್ಯಕ್ಕೆ ಒಪ್ಪಿಕೊಳ್ಳುತ್ತಿಲ್ಲ. ಬಾಗಿಲ ಮುಂದೆ ಎರಡು ಗಾಡಿ ಬಂದು ನಿಂತು ವಾಪಸು ಹೋಗಿವೆ. ಆದರೆ ಬೆಳಿಗ್ಗೆ ಶೆಡ್ಡಿನ ದೀಪ ಹತ್ತುವುದು ತಪ್ಪಿಲ್ಲ. ದಾದಿ ದಿನ ಬಿಟ್ಟು ದಿನ ಬಂದು ರಾಯ್ಸ್ ಅವರನ್ನು ಬಟ್ಟೆಯ ಜೋಲಿಯಲ್ಲಿ ಎತ್ತಿ ತೂಕ ನೋಡುತ್ತಾಳೆ. ನೆಲ್ಡಾ ಆ ತೂಕವನ್ನು ಫೋನಿನಲ್ಲಿ ತಮ್ಮನಿಗೆ ಹೇಳುತ್ತಾರೆ. ಯಾಕೆ ಬೇಕು ಅಂತ ಮೊದಲ ದಿನವೂ ಕೇಳಲಿಲ್ಲ. ಡೊಯ್ಲ್ ಅಷ್ಟು ತೂಕದ ಜೋಳವನ್ನು ಸೀಟಿಗಿಟ್ಟು, ಅಚ್ಚನ್ನು ಕಮಾನಿಗೆ ಕಟ್ಟುವ ಯು ಬೋಲ್ಟು ಸಡಿಲಿಸಿ, ಮೂತಿ ನೋಡಿ, ಬಲಗಡೆಯ ಕಂಬಿಯನ್ನು ಇಷ್ಟಿಷ್ಟೇ ಬಿಚ್ಚಿ, ಮತ್ತೆ ಎಲ್ಲವನ್ನೂ ಬಿಗಿಯುತ್ತಾರೆ. ಒಂದು ಸಲಕ್ಕೆ ಅರ್ಧ ಬೆಳಗು ಹಿಡಿಯುತ್ತದೆ. ಮುಗಿದ ಮೇಲೆ ಹಿಂದೆ ಸರಿದು ಕುಕ್ಕರಗಾಲಲ್ಲಿ ಕೂತು ನೋಡುತ್ತಾರೆ, ಗಾಡಿ ಸಮನಾಗಿ ನಿಂತಿರುತ್ತದೆ. ಎರಡು ದಿನಕ್ಕೆ ಮತ್ತೆ ಫೋನು ಬರುತ್ತದೆ, ಬಿಗಿದದ್ದು ತಪ್ಪಾಗಿರುತ್ತದೆ. ರಾಯ್ಸ್ ಕರಗುವ ವೇಗಕ್ಕೆ ಇವರ ಪಾನಾ ಸಾಲುತ್ತಿಲ್ಲ.

ರಾಯ್ಸ್ ಇನ್ನು ಗಾಡಿ ಹತ್ತುತ್ತಾರೆಯೇ ಅಂತ ಕೇಳಿದರೆ ಡೊಯ್ಲ್ ಸುಳ್ಳು ಹೇಳುವುದಿಲ್ಲ. ಕೈ ಒರೆಸಿಕೊಳ್ಳುತ್ತಾ, ಬಲಗಿವಿ ಈ ಕಡೆ ಕೊಟ್ಟು, ‘ಇಲ್ಲ. ಹತ್ತಲ್ಲ’ ಅನ್ನುತ್ತಾರೆ. ಹಾಗಾದರೆ ಇದೆಲ್ಲ ಯಾರಿಗೆ ಅನ್ನುವ ಪ್ರಶ್ನೆಯನ್ನು ಕೇಳುವ ಮೊದಲೇ ಅವರಿಗೆ ಗೊತ್ತಾಗುತ್ತದೆ.

‘ಒಂದೇ ಆಸೆ ನನಗೆ. ಭಾವ ಹೋಗೋ ದಿನ ಅವರು ಎಷ್ಟಿರ್ತಾರೋ, ಗಾಡಿ ಅಷ್ಟಕ್ಕೆ ಸರಿಯಾಗಿ ಬಿಗಿದಿರಬೇಕು.’